ನಾಲ್ಕು ತಿಂಗಳು ಕಪಾಟಿನಲ್ಲಿದ್ದ ಕಾದಂಬರಿ

ಮೊಯಿದಿನಬ್ಬನ ಲೈಬ್ರರಿಯ ಪ್ರತಿ ಪುಸ್ತಕದ ಕೊನೆಯ ಹಾಳೆಗೂ ಒಂದು ಬಿಳಿ ಚೀಟಿ ಅಂಟಿಸಿರುತ್ತಿತ್ತು. ಪುಸ್ತಕವನ್ನು ಬಾಡಿಗೆಗೆ ಒಯ್ಯುವವರು ಅದನ್ನು ಮರಳಿಸಬೇಕಾದ ದಿನದ ಮುದ್ರೆ ಆ ಚೀಟಿಯ ಮೇಲೆ ಬೀಳುತ್ತಿತ್ತು. ಕಮಲಾವತಿ ಮೂಡುಬಿದಿರೆಯಿಂದ ಸಿದ್ಧಕಟ್ಟೆ ದಾರಿಯ ಬಸ್ಸಿನಲ್ಲಿ ಬಂಟ್ವಾಳ ಪೇಟೆಗೆ ಬಂದಾಗಲೆಲ್ಲ ಮೊದಲು ತೆರೆದು ನೋಡುತ್ತಿದ್ದುದು ಆ ಚೀಟಿಗಳನ್ನೇ. ಅದೂ ತನ್ನ ಪುಸ್ತಕಗಳದ್ದಲ್ಲ, ಬೇರೆ ಲೇಖಕಿಯರದ್ದು.

ಇದು ೧೯೯೩ರ ಮಾತು. ಕಮಲಾವತಿಗೆ ಆಗ ನಲವತ್ತೊಂದು ವರ್ಷ. ಗಂಡ ಅಜಿತಕುಮಾರ ಹೈಸ್ಕೂಲಿನಲ್ಲಿ ಗಣಿತದ ಮಾಸ್ಟ್ರು. ಮಗಳು ಸಾಧನಾಳಿಗೆ ನಾಲ್ಕು ವರ್ಷ. ಮೂಡುಬಿದಿರೆಯ ಜೈನಪೇಟೆಯ ಮನೆಯಲ್ಲಿ ಕೂತು ಕಮಲಾವತಿ ಅಷ್ಟರಲ್ಲಿ ಒಂಬತ್ತು ಕಾದಂಬರಿ ಬರೆದಿದ್ದಳು. ಮಂಗಳೂರಿನ ಪ್ರಕಾಶಕ ಚಿನ್ನಯ್ಯ ವರ್ಷಕ್ಕೆ ಎರಡಾದರೂ ಬೇಕು ಎನ್ನುತ್ತಿದ್ದರು. ಪುತ್ತೂರು, ಬೆಳ್ತಂಗಡಿ, ಕಾರ್ಕಳ, ಎಲ್ಲ ಕಡೆಯ ಬಾಡಿಗೆ ಲೈಬ್ರರಿಗಳಿಗೂ ಅವಳ ಪುಸ್ತಕ ಬೇಕಿತ್ತು. ಬೆಳ್ತಂಗಡಿಯ ಶಿಕ್ಷಕಿಯೊಬ್ಬಳು, ನಿಮ್ಮ ನಾಯಕಿಯ ಹೆಸರನ್ನೇ ಮಗುವಿಗೆ ಇಟ್ಟಿದ್ದೇನೆ ಎಂದು ಕಾಗದ ಬರೆದಿದ್ದಳು.

ಇಷ್ಟಿದ್ದರೂ ಕಮಲಾವತಿಗೆ ಸಮಾಧಾನವಿರಲಿಲ್ಲ. ಇನ್ನೊಬ್ಬಳ ಪುಸ್ತಕದ ಚೀಟಿಯಲ್ಲಿ ಮುದ್ರೆಗಳು ಒತ್ತೊತ್ತಾಗಿ ಕಂಡರೆ ಅವಳು ಅವನ್ನು ಒಂದೊಂದಾಗಿ ಎಣಿಸುತ್ತಿದ್ದಳು. ಒಂದು ದಿನ ಹಾಗೆ ಎರಡು ಚೀಟಿ ತುಂಬಿ ಮೂರನೆಯದು ಅಂಟಿಸಿದ್ದ ಕಾದಂಬರಿಯೊಂದನ್ನು ಅವಳು ಯಾರಿಗೂ ಕಾಣದಂತೆ ಕಪಾಟಿನ ಹಿಂಬದಿಗೆ, ಹಳೇ ಪಂಚಾಂಗಗಳ ನಡುವೆ ತೂರಿಸಿ ಬಂದಳು. ಮುಂದಿನ ವಾರ ಬಂದು ನೋಡಿದರೆ ಪುಸ್ತಕ ಮತ್ತೆ ಮುಂದಿನ ಸಾಲಿನಲ್ಲಿತ್ತು.

ಅದನ್ನು ಮುಂದಕ್ಕೆ ತಂದಿಟ್ಟವಳು ಮೊಯಿದಿನಬ್ಬನ ಮಗಳು ಜುವೈರಿಯಾ. ಹದಿನೆಂಟರ ಹುಡುಗಿ. ಪಿ.ಯು.ಸಿ. ಮುಗಿಸಿ ತಂದೆಯ ಜೊತೆ ಲೈಬ್ರರಿಯಲ್ಲಿ ಕೂರುತ್ತಿದ್ದಳು. ಅಲ್ಲಿದ್ದ ಪುಸ್ತಕಗಳಲ್ಲಿ ಅವಳು ಓದದೆ ಬಿಟ್ಟದ್ದು ಯಾವುದೂ ಇರಲಿಲ್ಲ. ಕಮಲಾವತಿಯನ್ನು ಕಂಡರೆ ಅವಳಿಗೆ ಎಲ್ಲಿಲ್ಲದ ಸಂಭ್ರಮ. ಆದರೆ ಬಾಯಿ ನೇರ.

"ಕಮಲಕ್ಕ, ಈ ಸಲದ್ದರಲ್ಲಿ ಹೆಂಗಸು ಅಳುವುದು ಸ್ವಲ್ಪ ಜಾಸ್ತಿ ಆಯ್ತು," ಎಂದಳು ಒಮ್ಮೆ.

"ಕಷ್ಟ ಬಂದಾಗ ಅಳದೆ ಎಂತ ಮಾಡುವುದು ಮಾರಾಯ್ತಿ?"

"ನಮ್ಮ ಮನೆಯಲ್ಲಿ ಯಾರೂ ಅಷ್ಟು ಅಳುವುದಿಲ್ಲ. ಕಷ್ಟ ಬಂದ್ರೆ ಮೀನು ಜಾಸ್ತಿ ಉಜ್ಜಿ ತೊಳೀತಾರೆ."

ಮೊಯಿದಿನಬ್ಬ ಮಗಳನ್ನು ಗದರಿಸಿ, "ಕಮಲಮ್ಮ, ನೀವು ಅವಳ ಮಾತು ಮನಸ್ಸಿಗೆ ಹಚ್ಚಿಕೊಳ್ಳಬೇಡಿ," ಎಂದಿದ್ದರು. ಕಮಲಾವತಿ ನಕ್ಕಿದ್ದಳು. ಹುಡುಗಿಯ ಮೇಲೆ ಅವಳಿಗೆ ಪ್ರೀತಿಯೇ ಇತ್ತು.

ವರ್ಷಗಳು ಕಳೆದವು. ಜುವೈರಿಯಾಳಿಗೆ ಮದುವೆಯಾಯಿತು. ಗಂಡ ಅಬ್ದುಲ್ ಸಲಾಂ ಕೊಲ್ಲಿ ದೇಶದ ದಮ್ಮಾಮಿನಲ್ಲಿ ಕೆಲಸಕ್ಕಿದ್ದ. ಎರಡು ವರ್ಷಕ್ಕೊಮ್ಮೆ ಊರಿಗೆ ಬರುತ್ತಿದ್ದ. ಅವಳು ಬಂಟ್ವಾಳದಲ್ಲಿ ತವರಿನಲ್ಲೇ ಉಳಿದಳು. ತಂದೆ ತೀರಿಕೊಂಡ ಮೇಲೆ ಲೈಬ್ರರಿಯನ್ನು ಅವಳೇ ನೋಡಿಕೊಂಡಳು. ಆದರೆ ಓದುವವರೇ ಇರಲಿಲ್ಲ. ಮಧ್ಯಾಹ್ನ ಊಟ ಮುಗಿಸಿ ಕಾದಂಬರಿ ಹಿಡಿಯುತ್ತಿದ್ದ ಹೆಂಗಸರೆಲ್ಲ ಈಗ ಟಿ.ವಿ.ಯ ಧಾರಾವಾಹಿ ನೋಡುತ್ತಿದ್ದರು. ಚೀಟಿಗಳ ಮೇಲೆ ಹೊಸ ಮುದ್ರೆ ಬೀಳುವುದು ನಿಂತಿತು. ಚಿನ್ನಯ್ಯನವರು ವರ್ಷಕ್ಕೆ ಎರಡು ಕೇಳುತ್ತಿದ್ದವರು ಒಂದಕ್ಕೆ ಬಂದರು, ಆಮೇಲೆ "ನೋಡುವ" ಎನ್ನತೊಡಗಿದರು. ೨೦೦೫ರಲ್ಲಿ ಬಂದ ಕಮಲಾವತಿಯ ಹದಿನೆಂಟನೇ ಕಾದಂಬರಿಯನ್ನು ಕೊಂಡದ್ದು ಬಹುತೇಕ ಸರಕಾರಿ ಗ್ರಂಥಾಲಯಗಳು ಮಾತ್ರ. ಒಂದೇ ಒಂದು ಓದುಗರ ಕಾಗದ ಬರಲಿಲ್ಲ.

ಮರುವರ್ಷ, ಒಂದು ಮಂಗಳವಾರ ಮಧ್ಯಾಹ್ನ ಜುವೈರಿಯಾ ಜೈನಪೇಟೆಯ ಮನೆಗೆ ಬಂದಳು. ಕೈಚೀಲದಿಂದ ಮೂರು ದಪ್ಪ ನೋಟ್‌ಬುಕ್ ತೆಗೆದು ಮೇಜಿನ ಮೇಲಿಟ್ಟಳು.

"ನಾನೊಂದು ಬರೆದಿದ್ದೇನೆ ಕಮಲಕ್ಕ. ನಗಬಾರದು."

ಮೊದಲ ನೋಟ್‌ಬುಕ್ಕಿನ ಮೇಲೆ ದುಂಡಗಿನ ಅಕ್ಷರದಲ್ಲಿ 'ಕ್ಯಾಸೆಟ್ಟಿನ ಎರಡನೇ ಬದಿ' ಎಂದಿತ್ತು, ಕೆಳಗೆ ಅವಳ ಹೆಸರು.

"ಮೊದಲು ನೀವು ಓದಿ. ಓದುವ ಹಾಗೆ ಉಂಟು ಅಂತ ಅನ್ನಿಸಿದ್ರೆ ಚಿನ್ನಯ್ಯನವರಿಗೆ ಕಳಿಸಿ ಕೊಡ್ತೀರಾ? ನನಗೆ ಅವರ ಪರಿಚಯ ಇಲ್ಲ. ನೀವು ಹೇಳಿದ್ರೆ ಅವರು ಓದಿ ನೋಡಿಯಾರು."

"ಅದಕ್ಕೆ ಎಂತ? ಕಳಿಸ್ತೇನೆ," ಎಂದಳು ಕಮಲಾವತಿ. ಆ ಹೊತ್ತಿಗೆ ಅವಳು ಹೇಳಿದ್ದು ಮನಸ್ಸಿಟ್ಟೇ.

ಮರುದಿನ ಬೆಳಿಗ್ಗೆ ಅನ್ನಕ್ಕೆ ಇಟ್ಟು, ಅಡುಗೆಮನೆಯ ಬಾಗಿಲಲ್ಲಿ ನಿಂತುಕೊಂಡೇ ಮೊದಲ ಪುಟ ತೆರೆದಳು. ಕುಕ್ಕರ್ ಎಷ್ಟು ಸಲ ಕೂಗಿತೆಂಬುದು ತಪ್ಪಿಹೋಯಿತು. ಕಥೆ ಆಸ್ಯಮ್ಮ ಎಂಬ ಹೆಂಗಸಿನದು. ಗಂಡ ಕೊಲ್ಲಿಯಲ್ಲಿ. ಫೋನಿಲ್ಲದ ಕಾಲ. ಅವಳು ಮಾತನ್ನು ಕ್ಯಾಸೆಟ್ಟಿನಲ್ಲಿ ತುಂಬಿಸಿ, ಊರಿಗೆ ಬಂದು ವಾಪಸ್ ಹೋಗುವವರ ಕೈಯಲ್ಲಿ ಕೊಟ್ಟು ಕಳಿಸುತ್ತಾಳೆ. ಒಂದನೇ ಬದಿಯಲ್ಲಿ ಅತ್ತೆಯ ಆರೋಗ್ಯ, ಮನೆಯ ಹಂಚು, ಮಗುವಿನ ಹಲ್ಲು. ಎರಡನೇ ಬದಿಯಲ್ಲಿ ನಿಜವಾಗಿ ಹೇಳಬೇಕಾದದ್ದನ್ನು ಹೇಳಿ, ಕಳಿಸುವ ಮೊದಲು ಅದರ ಮೇಲೆ ಬೇರೆ ಏನನ್ನೋ ತುಂಬಿಸಿ ಅಳಿಸುತ್ತಾಳೆ. ಒಂದು ದಿನ ಅಳಿಸದೆ ಕಳಿಸುತ್ತಾಳೆ.

ಇಡೀ ಕಾದಂಬರಿಯಲ್ಲಿ ಆಸ್ಯಮ್ಮ ಒಂದು ಸಲವೂ ಅಳುವುದಿಲ್ಲ. ಅಳುತ್ತಿದ್ದುದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಕಮಲಾವತಿ.

ಎರಡು ದಿನದಲ್ಲಿ ಮೂರೂ ನೋಟ್‌ಬುಕ್ ಮುಗಿಯಿತು. ಕೊನೆಯದನ್ನು ಮುಚ್ಚಿದ ಕೂಡಲೇ ಅವಳಿಗೆ ಬಂದದ್ದು ಸಂತೋಷವಲ್ಲ. ಹದಿನೆಂಟು ಕಾದಂಬರಿ ಬರೆದ ತನ್ನ ಕೈಯಲ್ಲಿ ಇಂಥ ಒಂದು ಪುಟ ಬಂದಿಲ್ಲವಲ್ಲ ಎಂದು ಎದೆ ಉರಿಯಿತು. ಯಾರೋ ದೊಡ್ಡ ಲೇಖಕಿ ಬರೆದಿದ್ದರೆ ಇಷ್ಟು ಉರಿಯುತ್ತಿರಲಿಲ್ಲವೇನೋ. ಬರೆದವಳು ತನ್ನ ಪುಸ್ತಕಗಳಿಗೆ ಬೈಂಡ್ ಹಾಕಿ, ಚೀಟಿ ಅಂಟಿಸುತ್ತಿದ್ದ ಹುಡುಗಿ.

ಆದರೂ ಅವಳು ನೋಟ್‌ಬುಕ್‌ಗಳನ್ನು ಕಂದು ಕಾಗದದಲ್ಲಿ ಸುತ್ತಿ, ಚಿನ್ನಯ್ಯನವರ ವಿಳಾಸ ಬರೆದು ಅಂಚೆ ಕಚೇರಿಗೆ ಹೋದಳು. ಸಾಲಿನಲ್ಲಿ ಅವಳ ಮುಂದೆ ಐದಾರು ಜನರಿದ್ದರು. ಇವತ್ತು ರಶ್ಶು ಉಂಟು, ನಾಳೆ ಬರುವ ಎಂದುಕೊಂಡು ಹಿಂತಿರುಗಿದಳು. ಮುಂದಿನ ವಾರ ಹೋದಾಗ ಸಾಲೇ ಇರಲಿಲ್ಲ. ಅಂಚೆಯವನು ಕೈ ಚಾಚಿದ. ಕಮಲಾವತಿ ಎರಡು ಅಂಚೆ ಕಾರ್ಡು ಕೊಂಡು, ಕಟ್ಟನ್ನು ಎದೆಗವಚಿಕೊಂಡು ಮನೆಗೆ ಬಂದಳು. ಕಟ್ಟು ಕಪಾಟಿನಲ್ಲಿ, ಮದುವೆಯ ಸೀರೆಗಳ ಕೆಳಗೆ ಹೋಯಿತು.

ಜುವೈರಿಯಾ ಎರಡು ವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದಳು. "ಚಿನ್ನಯ್ಯ ಊರಲ್ಲಿಲ್ಲ," "ಇನ್ನೂ ಓದ್ಲಿಕ್ಕೆ ಆಗಲಿಲ್ಲವಂತೆ," "ಮಗನ ಮದುವೆಯ ಗಡಿಬಿಡಿಯಲ್ಲಿ ಇದ್ದಾರೆ." ಸುಳ್ಳು ಹೇಳುವುದು ಕಮಲಾವತಿಗೆ ಕಷ್ಟವೇ ಆಗಲಿಲ್ಲ. ಕಾದಂಬರಿಕಾರ್ತಿಯಲ್ಲವೇ, ಪ್ರತಿ ಸಲವೂ ನಂಬುವಂಥದ್ದೇ ಹೊಳೆಯುತ್ತಿತ್ತು. ನಾಲ್ಕು ತಿಂಗಳ ಮೇಲೆ ಅವಳು ಕಂದು ಕಾಗದ ಬಿಚ್ಚಿ ಎಸೆದು, ನೋಟ್‌ಬುಕ್ ಹಿಡಿದುಕೊಂಡು ಬಂಟ್ವಾಳಕ್ಕೆ ಹೋದಳು.

"ಚಿನ್ನಯ್ಯ ಓದಿದ್ರು. ಈಗ ಕಾದಂಬರಿಗೇ ಓದುಗರಿಲ್ಲ, ಅದರಲ್ಲೂ ಇಂಥದ್ದಕ್ಕೆ ಯಾರು ಅಂತ ಹೇಳಿದ್ರು. ಮನೆಯೊಳಗಿನ ಇಷ್ಟು ಸಣ್ಣ ಸಣ್ಣ ಸಂಗತಿ ಹೊರಗಿನವರಿಗೆ ಅರ್ಥ ಆಗ್ಲಿಕ್ಕಿಲ್ಲವಂತೆ."

ಜುವೈರಿಯಾ ನೋಟ್‌ಬುಕ್‌ಗಳನ್ನು ತೆಗೆದುಕೊಂಡು ಮಡಿಲಲ್ಲಿ ಇಟ್ಟುಕೊಂಡಳು. ಮತ್ತೆ ಕೇಳಿದಳು, "ಅವರದ್ದು ಇರಲಿ. ನಿಮಗೆ ಹೇಗನ್ನಿಸ್ತು ಕಮಲಕ್ಕ?"

ಕಮಲಾವತಿ ಹೊರಗೆ ರಸ್ತೆಯ ಕಡೆ ನೋಡಿದಳು. "ಮೊದಲ ಪ್ರಯತ್ನಕ್ಕೆ ಪರವಾಗಿಲ್ಲ."

"ಹೌದಾ," ಎಂದಳು ಜುವೈರಿಯಾ. ಮತ್ತೆ ಎದ್ದು ಚಹಾ ಮಾಡಿ ತಂದಳು. ಚಹಾದ ಜೊತೆ ಬಿಸ್ಕತ್ತೂ ಇತ್ತು. ಕಮಲಾವತಿ ಎರಡನ್ನೂ ಮುಗಿಸಿಯೇ ಬಸ್ಸು ಹತ್ತಿದಳು.

ಆ ಮೇಲೆ ಅವಳು ಬಂಟ್ವಾಳಕ್ಕೆ ಹೋಗುವುದು ಕಡಿಮೆಯಾಯಿತು. ಲೈಬ್ರರಿಯ ಅರ್ಧ ಜಾಗದಲ್ಲಿ ಜುವೈರಿಯಾ ಕಂಪ್ಯೂಟರ್ ಇಟ್ಟು ಮದುವೆಯ ಕರೆಯೋಲೆ, ರಬ್ಬರ್ ಸ್ಟಾಂಪ್, ಪ್ರಾಜೆಕ್ಟ್ ವರದಿ ಟೈಪು ಮಾಡಿಕೊಡುತ್ತಿದ್ದಾಳೆ ಎಂದು ಯಾರೋ ಹೇಳಿದರು. ಒಳ್ಳೆಯದಾಯಿತು ಎಂದುಕೊಂಡಳು ಕಮಲಾವತಿ. ಟೈಪು ಮಾಡುವವರಿಗೆ ಕಾದಂಬರಿ ಬರೆಯಲು ಪುರುಸೊತ್ತು ಇರುವುದಿಲ್ಲ.

ಎರಡು ವರ್ಷ ಕಳೆಯಿತು. ೨೦೦೮ರ ಒಂದು ಭಾನುವಾರ ಸಾಧನಾ ಮನೆಯ ಕಂಪ್ಯೂಟರಿನ ಮುಂದೆ ಕೂತಿದ್ದಳು. ಮಿಜಾರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ ಅವಳು ರಜೆಯ ದಿನ ತಿಂಡಿಗೂ ಅಲ್ಲಿಂದ ಏಳುತ್ತಿರಲಿಲ್ಲ. ಅಂದು ಅವಳು ಮೊದಲು ನಗುತ್ತಿದ್ದಳು, ಆಮೇಲೆ ಸುಮ್ಮನಾದಳು. ಮಧ್ಯಾಹ್ನವಾದರೂ ಸದ್ದಿಲ್ಲ. ಕಮಲಾವತಿ ಹತ್ತಿರ ಹೋದಳು.

"ಎಂತ ಓದ್ತಾ ಇದ್ದೀ?"

"ಒಂದು ಕಾದಂಬರಿ ಅಮ್ಮ. ನನ್ನ ಕ್ಲಾಸಿನ ಫಾಯಿಝಾ ಕಳಿಸಿದ್ದು. ಅವಳಿಗೆ ಅವಳ ಅಪ್ಪ ಕುವೈತ್‌ನಿಂದ ಮೇಲ್ ಮಾಡಿದ್ದಂತೆ. ಅಲ್ಲಿ ಎಲ್ಲರೂ ಓದ್ತಾ ಇದ್ದಾರಂತೆ." ಸಾಧನಾ ತಿರುಗಿ ತಾಯಿಯ ಮುಖ ನೋಡಿದಳು. "ಬರೆದದ್ದು ಬಂಟ್ವಾಳದ ಜುವೈರಿಯಾ ಅಂತ. ನಿನಗೆ ಪರಿಚಯ ಉಂಟಾ?"

"ಲೈಬ್ರರಿಯ ಬ್ಯಾರಿಗಳ ಮಗಳು," ಎಂದಳು ಕಮಲಾವತಿ. "ಅಷ್ಟೇ."

ಸಾಧನಾ ಇನ್ನೂ ಏನೋ ಕೇಳುವವಳ ಹಾಗೆ ಕಾದಳು. ಕಮಲಾವತಿ ಒಳಗೆ ಹೋಗಿ ತೆಂಗಿನಕಾಯಿ ತುರಿಯಲು ಕೂತಳು. ತುರಿಮಣೆ ಬೆರಳಿಗೆ ತಾಗಿತು.

ವಿಷಯ ಆಮೇಲೆ ಒಂದೊಂದಾಗಿ ತಿಳಿಯಿತು. ಜುವೈರಿಯಾಳ ತಮ್ಮ ಇಹ್ಸಾನ್ ಶಾರ್ಜಾದಲ್ಲಿ ಕೆಲಸದಲ್ಲಿದ್ದ. ರಜೆಯಲ್ಲಿ ಬಂದವನು ಅಕ್ಕನ ನೋಟ್‌ಬುಕ್ ಓದಿ, ಟೈಪು ಮಾಡಿಕೊಡು ಎಂದು ಬೆನ್ನುಬಿದ್ದ. ಅದನ್ನು ಇ-ಪುಸ್ತಕ ಮಾಡಿ, ಕೊಲ್ಲಿಯಲ್ಲಿರುವ ಕನ್ನಡಿಗರ ಒಂದು ಜಾಲತಾಣದಲ್ಲಿ ಹಾಕಿದ. ಕ್ಯಾಸೆಟ್ಟಿನಲ್ಲಿ ಹೆಂಡತಿಯ ದನಿ ಕೇಳಿ ವರ್ಷಗಳನ್ನು ಕಳೆದಿದ್ದ ಗಂಡಸರೆಲ್ಲ ಅದನ್ನು ಓದಿ ಒಬ್ಬರಿಗೊಬ್ಬರು ಕಳಿಸಿದರು. ಜಾಲತಾಣದಲ್ಲಿ ಪುಸ್ತಕದ ಹೆಸರಿನ ಕೆಳಗೆ ಎಷ್ಟು ಜನ ಇಳಿಸಿಕೊಂಡರು ಎಂಬ ಸಂಖ್ಯೆ ಕಾಣುತ್ತಿತ್ತು.

ಆ ಸಂಖ್ಯೆಯನ್ನು ನೋಡುವುದನ್ನು ಕಮಲಾವತಿ ಕಲಿತಳು. ಗಂಡ ಬಸದಿಗೆ ಹೋಗಿ, ಮಗಳು ಕಾಲೇಜಿನ ಬಸ್ಸು ಹತ್ತಿದ ಮೇಲೆ ಕಂಪ್ಯೂಟರ್ ಹಚ್ಚುತ್ತಿದ್ದಳು. ಮೊದಲ ದಿನ ೬,೪೧೨ ಇತ್ತು. ಮರುದಿನ ೬,೫೦೦ ದಾಟಿತು. ಬಟ್ಟೆ ಒಗೆದು ಬಂದು ಒಮ್ಮೆ, ಊಟ ಬಡಿಸುವ ಮೊದಲು ಒಮ್ಮೆ ನೋಡುತ್ತಿದ್ದಳು. ಸಂಖ್ಯೆ ಏರದಿದ್ದ ದಿನ ಹಸಿವೆ ಚೆನ್ನಾಗಿ ಆಗುತ್ತಿತ್ತು. ಪುಸ್ತಕವನ್ನು ಮಾತ್ರ ಅವಳು ಒಮ್ಮೆಯೂ ತೆರೆಯಲಿಲ್ಲ. ಅದರೊಳಗೆ ಏನಿದೆಯೆಂದು ಅವಳಿಗೆ ಗೊತ್ತಿತ್ತಲ್ಲ.

ಅವಳ ಹತ್ತೊಂಬತ್ತನೇ ಕಾದಂಬರಿಯ ಹಸ್ತಪ್ರತಿ ಚಿನ್ನಯ್ಯನವರ ಮೇಜಿನ ಮೇಲೆ ಒಂದೂವರೆ ವರ್ಷದಿಂದ ಇತ್ತು. ಐನೂರು ಪ್ರತಿ ಹಾಕುವುದಕ್ಕೂ ಅವರು ಹಿಂದೆಮುಂದೆ ನೋಡುತ್ತಿದ್ದರು.

ಮರುವರ್ಷದ ಜನವರಿಯಲ್ಲಿ ಮೂಡುಬಿದಿರೆಯ ಒಂದು ಕಾಲೇಜಿನಲ್ಲಿ ಪುಸ್ತಕದ ಭವಿಷ್ಯದ ಬಗ್ಗೆ ವಿಚಾರಗೋಷ್ಠಿ ಏರ್ಪಾಡಾಯಿತು. ಹಿರಿಯ ಲೇಖಕಿಯೆಂದು ಕಮಲಾವತಿಯನ್ನು ಕರೆದರು. ಬೇರೆ ಬೇರೆ ಕಾಲೇಜುಗಳಿಂದ ಬಂದ ವಿದ್ಯಾರ್ಥಿಗಳ ನಡುವೆ ಸಾಧನಾ, ಫಾಯಿಝಾ ಕೂಡ ಇದ್ದರು. ಕಮಲಾವತಿ ಇ-ಪುಸ್ತಕದ ವಿರುದ್ಧ ಅರ್ಧ ಗಂಟೆ ಮಾತಾಡಿದಳು. ಹಾಗೆ ಅವಳು ಎಂದೂ ಮಾತಾಡಿರಲಿಲ್ಲ. ಸಂಪಾದಕರಿಲ್ಲ, ಕರಡು ತಿದ್ದುವವರಿಲ್ಲ, ಯಾರು ಬೇಕಾದರೂ ಬರೆದು ಗಾಳಿಗೆ ತೂರಬಹುದು, ಪುಕ್ಕಟೆ ಸಿಕ್ಕಿದ್ದನ್ನು ಜನ ಇಳಿಸಿಕೊಳ್ಳುತ್ತಾರೆ, ಓದುತ್ತಾರೆಂದು ಯಾರು ಹೇಳಿದರು ಎಂದಳು. ಸಭೆ ಚಪ್ಪಾಳೆ ತಟ್ಟಿತು.

ಪ್ರಶ್ನೋತ್ತರದಲ್ಲಿ ಫಾಯಿಝಾ ಎದ್ದು ನಿಂತಳು. "ಮೇಡಂ, ನೀವು 'ಕ್ಯಾಸೆಟ್ಟಿನ ಎರಡನೇ ಬದಿ' ಓದಿದ್ದೀರಲ್ಲ, ಅದರ ಬಗ್ಗೆ ಎಂತ ಹೇಳ್ತೀರಿ?"

"ಓದಿಲ್ಲ," ಎಂದಳು ಕಮಲಾವತಿ. "ಪರದೆಯ ಮೇಲೆ ಓದುವ ಅಭ್ಯಾಸ ನನಗಿಲ್ಲ."

ಫಾಯಿಝಾ ಗೊಂದಲದಿಂದ ಪಕ್ಕದಲ್ಲಿದ್ದ ಸಾಧನಾಳನ್ನು ನೋಡಿ ಕುಳಿತಳು. ಸಾಧನಾ ತಲೆ ತಗ್ಗಿಸಿದ್ದಳು.

ಮನೆಗೆ ಬಂದು ಸನ್ಮಾನದ ಶಾಲು ಮಡಚುತ್ತಿದ್ದಾಗ ಸಾಧನಾ ಕೋಣೆಗೆ ಬಂದಳು.

"ಅಮ್ಮ, ನೀನು ಯಾಕೆ ಸುಳ್ಳು ಹೇಳಿದ್ದು?"

"ಎಂತ ಸುಳ್ಳು?"

"ಆ ಪುಸ್ತಕ ನಿನ್ನ ಕಪಾಟಿನಲ್ಲಿ ಇತ್ತು. ನಾನು ಪಿ.ಯು.ಸಿ.ಯಲ್ಲಿದ್ದಾಗ, ಕಾಲೇಜ್ ಡೇಗೆ ಸೀರೆ ಹುಡುಕುವಾಗ ನೋಡಿದ್ದೇನೆ. ಕಾಗದದ ಕಟ್ಟು ಒಂದು ಬದಿ ಹರಿದಿತ್ತು. ಹೆಸರು ಓದಿದ್ದು ನನಗೆ ಸರಿಯಾಗಿ ನೆನಪುಂಟು."

ಕಮಲಾವತಿಯ ದನಿ ಏರಿತು. "ನಿನಗೆ ಎಂತ ಗೊತ್ತುಂಟು? ನನ್ನ ಹದಿನೆಂಟು ಪುಸ್ತಕದಲ್ಲಿ ಒಂದನ್ನಾದ್ರೂ ನೀನು ಪೂರ್ತಿ ಓದಿದ್ದುಂಟಾ?"

"ಇಲ್ಲ."

"ಮತ್ತೆ? ಅವಳದ್ದಾದ್ರೆ ಊಟ ಬಿಟ್ಟು ಓದ್ತೀ!"

ಸಾಧನಾ ತಾಯಿಯ ಕೈಯಿಂದ ಶಾಲು ತೆಗೆದುಕೊಂಡು ಮಂಚದ ಮೇಲಿಟ್ಟಳು. ಮತ್ತೆ ಮೆಲ್ಲಗೆ ಹೇಳಿದಳು, "ಅದರ ಮೊದಲ ಪುಟದಲ್ಲಿ ನಿನ್ನ ಹೆಸರು ಉಂಟಮ್ಮ. ಅದಕ್ಕೇ ಫಾಯಿಝಾ ಕೇಳಿದ್ದು. ನೀನಾಗಿಯೇ ಹೇಳ್ತೀ ಅಂತ ನಾನು ಇಷ್ಟು ದಿನ ಕಾದೆ."

ಅವಳು ಹೊರಗೆ ಹೋದ ಮೇಲೆ ಕಮಲಾವತಿ ಕಂಪ್ಯೂಟರಿನ ಮುಂದೆ ಕೂತು ಪುಸ್ತಕವನ್ನು ಮೊದಲ ಸಲ ತೆರೆದಳು. ಹೆಸರಿನ ಪುಟದ ನಂತರ ಒಂದೇ ಸಾಲಿತ್ತು: 'ಮೊದಲು ಓದಿ, ನನಗಾಗಿ ಪ್ರಕಾಶಕರ ಬಾಗಿಲು ತಟ್ಟಿದ ಮೂಡುಬಿದಿರೆಯ ಕಮಲಕ್ಕನಿಗೆ.'

ಇಳಿಸಿಕೊಂಡವರ ಸಂಖ್ಯೆ ಅಂದು ಹನ್ನೊಂದು ಸಾವಿರ ದಾಟಿತ್ತು. ಅಷ್ಟೂ ಜನ ಈ ಸಾಲನ್ನು ಓದಿದ್ದಾರೆ ಎಂದು ಅವಳಿಗೆ ಹೊಳೆಯಿತು.

ಒಂದು ವಾರದೊಳಗೆ ಚಿನ್ನಯ್ಯನವರ ಫೋನು ಬಂತು. ತನ್ನ ಹಸ್ತಪ್ರತಿಯ ವಿಷಯವಿರಬಹುದೆಂದು ಕಮಲಾವತಿ ಓಡಿಬಂದು ಎತ್ತಿದಳು.

"ಕಮಲಾವತಿಯವರೇ, ಬಂಟ್ವಾಳದ ಆ ಜುವೈರಿಯಾ ನಿಮ್ಮ ಪೈಕಿಯವರಂತಲ್ಲ? ಅವರ ಕಾದಂಬರಿಯನ್ನು ನಾನು ಪ್ರಿಂಟ್ ಮಾಡುವ ಅಂತ ಇದ್ದೇನೆ. ದಿನಕ್ಕೆ ಇಬ್ಬರಾದ್ರೂ ಅಂಗಡಿಗೆ ಬಂದು ಕೇಳ್ತಾರೆ. ಅಲ್ಲ, ಮೊದಲ ಪುಟದಲ್ಲಿ ಬರೆದಿದ್ದಾರಲ್ಲ, ನೀವು ಅದನ್ನು ಯಾವ ಪ್ರಕಾಶಕರಿಗೆ ಕೊಟ್ಟದ್ದು? ನನಗೆ ತೋರಿಸಲೇ ಇಲ್ಲ ನೀವು."

ಕಮಲಾವತಿ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳು. "ಅದು... ಆಗ ನೀವು ಬ್ಯುಸಿ ಇದ್ರಿ."

"ನಾನು ಯಾವಾಗ ಬ್ಯುಸಿ ಇದ್ದೆ ಮಾರಾಯ್ರೆ, ಇಡೀ ದಿನ ಅಂಗಡಿಯಲ್ಲಿ ನೊಣ ಓಡಿಸ್ತಾ ಇರುವವನು! ಇರಲಿ, ಅವರ ನಂಬರ್ ಕೊಡಿ. ನಾಳೆ ಸಾಯಂಕಾಲ ನಾನೇ ಮಾತಾಡ್ತೇನೆ."

ನಂಬರ್ ಕೊಡದೆ ಬೇರೆ ದಾರಿ ಇರಲಿಲ್ಲ. ಕೊಟ್ಟ ಮೇಲೆ ಅವಳೇ ಕೇಳಿದಳು, "ನನ್ನದು?"

"ನಿಮ್ಮದು... ನೋಡುವ."

ಮರುದಿನ ಬೆಳಿಗ್ಗೆ ಕಮಲಾವತಿ ಬಂಟ್ವಾಳಕ್ಕೆ ಹೊರಟಳು. ತಪ್ಪು ಒಪ್ಪಿಕೊಳ್ಳಬೇಕೆಂಬ ಹಂಬಲದಿಂದ ಹೊರಟದ್ದಲ್ಲ. ಚಿನ್ನಯ್ಯನ ಬಾಯಿಂದ ಗೊತ್ತಾಗುವ ಬದಲು ತನ್ನ ಬಾಯಿಂದಲೇ ಗೊತ್ತಾದರೆ ಅಷ್ಟರಮಟ್ಟಿಗೆ ಮರ್ಯಾದೆ ಉಳಿದೀತು ಎಂಬ ಆಸೆ. ಸಿದ್ಧಕಟ್ಟೆ ದಾಟುವವರೆಗೂ ಅವಳು ಇನ್ನೊಂದು ಒಳ್ಳೆಯ ಸುಳ್ಳು ಹೊಳೆಯುತ್ತದೋ ಎಂದು ಯೋಚಿಸುತ್ತಲೇ ಇದ್ದಳು. ಯಾವುದೂ ಹೊಳೆಯಲಿಲ್ಲ.

ಜುವೈರಿಯಾ ಯಾರದೋ ಗೃಹಪ್ರವೇಶದ ಕರೆಯೋಲೆ ಟೈಪು ಮಾಡುತ್ತಿದ್ದಳು. ಕಮಲಾವತಿಯನ್ನು ಕಂಡು ಸಂಭ್ರಮದಿಂದ ಎದ್ದು ಕುರ್ಚಿ ಎಳೆದಳು. "ಎಷ್ಟು ಸಮಯ ಆಯ್ತು ಕಮಲಕ್ಕ! ಮರೆತೇ ಬಿಟ್ರಾ ಅಂತ ಇದ್ದೆ."

"ಕೂತ್ಕೋ. ನಾನು ಹೇಳುವುದನ್ನು ಪೂರ್ತಿ ಕೇಳು," ಎಂದಳು ಕಮಲಾವತಿ. "ನಾನು ನಿನ್ನ ಕಾದಂಬರಿಯನ್ನು ಚಿನ್ನಯ್ಯನಿಗೆ ಕಳಿಸಲೇ ಇಲ್ಲ. ಅವರು ಅದನ್ನು ನೋಡಿಲ್ಲ. ನಾಲ್ಕು ತಿಂಗಳು ಅದು ನನ್ನ ಕಪಾಟಿನಲ್ಲೇ ಇತ್ತು. ಅವರು ಹೇಳಿದ್ದು ಅಂತ ನಾನು ಹೇಳಿದ್ದೆಲ್ಲ ನನ್ನದೇ ಮಾತು."

ಜುವೈರಿಯಾಳಿಗೆ ಕೂಡಲೇ ಅರ್ಥವಾಗಲಿಲ್ಲ. "ಮರೆತು ಹೋಯ್ತಾ?"

"ಮರೆತದ್ದಲ್ಲ. ಹೊಟ್ಟೆಕಿಚ್ಚು."

"ಯಾರ ಮೇಲೆ?"

"ನಿನ್ನ ಮೇಲೆ ಮಾರಾಯ್ತಿ! ಮತ್ತೆ ಯಾರ ಮೇಲೆ?"

ಜುವೈರಿಯಾ ತಲೆಯ ಮೇಲಿನ ಸೆರಗನ್ನು ಸರಿಮಾಡಿಕೊಂಡಳು. "ನಿಮ್ಮ ಪುಸ್ತಕ ಓದಿಯೇ ನಾನು ಬರೆಯಲಿಕ್ಕೆ ಕಲಿತದ್ದು," ಎಂದಳು. "ಪ್ರಕಾಶಕರು ಬೇಡ ಅಂದದ್ದಕ್ಕೆ ನನಗೆ ಬೇಜಾರಾಗಿರಲಿಲ್ಲ. ಅವರಿಗೆ ವ್ಯಾಪಾರ ಇರ್ತದೆ. ಆದರೆ ನೀವು ಪರವಾಗಿಲ್ಲ ಅಂದ್ರಲ್ಲ. ಆ ಒಂದು ಮಾತಿಗೆ ನಾನು ಪೆನ್ನು ಮುಟ್ಟಲಿಲ್ಲ. ಎರಡು ವರ್ಷ. ನನಗೆ ಬರೆಯಲಿಕ್ಕೆ ಬರುವುದಿಲ್ಲ ಅಂತ ನಾನು ನಂಬಿಬಿಟ್ಟಿದ್ದೆ. ಇಹ್ಸಾನ್ ಹಟ ಹಿಡಿಯದಿದ್ರೆ ಆ ನೋಟ್‌ಬುಕ್ ಗುಜರಿಗೆ ಹೋಗ್ತಿತ್ತು."

"ಆ ದಿನವೇ ಹೇಳಬೇಕಿತ್ತು. ಅದು ಚೆಂದ ಉಂಟು ಜುವೈರಿಯಾ. ನನಗೆ ಅಂಥದ್ದು ಬರೆಯಲಿಕ್ಕೆ ಆಗ್ಲಿಕ್ಕಿಲ್ಲ."

"ಈಗ ಹನ್ನೊಂದು ಸಾವಿರ ಜನ ಹೇಳಿ ಆಯ್ತು. ನಿಮ್ಮದು ನನಗೆ ಆಗ ಬೇಕಿತ್ತು."

ಹೊರಗಿನಿಂದ ಒಬ್ಬರು ಬಂದು ಕರೆಯೋಲೆ ಆಯಿತೇ ಎಂದು ಕೇಳಿದರು. ಜುವೈರಿಯಾ ಅರ್ಧ ಗಂಟೆ ಬಿಟ್ಟು ಬನ್ನಿ ಎಂದು ಕಳಿಸಿದಳು. ಮತ್ತೆ ಕಮಲಾವತಿಯ ಕಡೆ ತಿರುಗಿ, "ನೀವು ಈಗ ಹೋಗಿ ಕಮಲಕ್ಕ. ನನಗೆ ತುಂಬ ಸಿಟ್ಟು ಬರ್ತಾ ಉಂಟು. ಹಿರಿಯರಿಗೆ ಎಂತಾದರೂ ಹೇಳಿಬಿಡ್ತೇನೆ," ಎಂದಳು.

"ಪುಸ್ತಕದಲ್ಲಿ ನನ್ನ ಹೆಸರು ಉಂಟಲ್ಲ..."

"ತೆಗೆಸ್ತೇನೆ."

ಆ ದಿನ ಚಹಾ ಬರಲಿಲ್ಲ. ಮೂರನೇ ದಿನ ಕಮಲಾವತಿ ಜಾಲತಾಣ ತೆರೆದು ನೋಡಿದಾಗ ಆ ಸಾಲು ಹೋಗಿತ್ತು. ತಾನೇ ಮಾತೆತ್ತಿದ್ದಾದರೂ ಆ ಜಾಗ ಖಾಲಿ ಕಂಡು ಅವಳಿಗೆ ಅಳು ಬಂತು. ಸಾಧನಾ ಕಂಡಳು. ಪಕ್ಕದಲ್ಲಿ ಬಂದು ಕೂತಳು.

ಚಿನ್ನಯ್ಯನವರು ಕಾದಂಬರಿಯನ್ನು ಮುದ್ರಿಸಲು ಮುಂದಾದಾಗ ಇ-ಪುಸ್ತಕವನ್ನು ಜಾಲತಾಣದಿಂದ ತೆಗೆಯಬೇಕೆಂದರಂತೆ. ಪುಕ್ಕಟೆ ಸಿಗುವುದನ್ನು ಯಾರು ಕೊಳ್ಳುತ್ತಾರೆ ಎಂಬುದು ಅವರ ಹೆದರಿಕೆ. ಜುವೈರಿಯಾ ಒಪ್ಪಲಿಲ್ಲ. ನನ್ನನ್ನು ಓದಿದವರು ಅಲ್ಲಿರುವವರು, ಅವರಿಂದ ಕಿತ್ತುಕೊಳ್ಳುವುದಿಲ್ಲ ಎಂದಳಂತೆ. ಕೊನೆಗೆ ಚಿನ್ನಯ್ಯನವರೇ ಸೋತು, ಅಂಜುತ್ತಲೇ ಒಂದು ಸಾವಿರ ಪ್ರತಿ ಹಾಕಿದರು. ಅವು ಮಳೆಗಾಲ ಮುಗಿಯುವುದರೊಳಗೆ ಖಾಲಿಯಾದವು. ಪರದೆಯ ಮೇಲೆ ಓದಿದ್ದ ಗಂಡಸರು ರಜೆಯಲ್ಲಿ ಬಂದವರು ಕಂಪ್ಯೂಟರ್ ಇಲ್ಲದ ತಾಯಿಗೆಂದು, ಹೆಂಡತಿಗೆಂದು, ಅಕ್ಕನಿಗೆಂದು ಎರಡು ಮೂರು ಪ್ರತಿ ಕೊಂಡರು. ಬಿಡುಗಡೆಗೆ ಕಮಲಾವತಿಗೆ ಕರೆ ಬರಲಿಲ್ಲ. ಅವಳು ಅದನ್ನು ಪೇಪರಿನಲ್ಲಿ ಓದಿ, ಫೋಟೊದಲ್ಲಿ ವೇದಿಕೆಯ ಮೇಲೆ ಯಾರು ಯಾರು ಇದ್ದಾರೆಂದು ಎರಡು ಸಲ ನೋಡಿದಳು.

ಅವಳ ಹಸ್ತಪ್ರತಿಯನ್ನು ಚಿನ್ನಯ್ಯನವರು ಅದೇ ತಿಂಗಳು ಹಿಂದಕ್ಕೆ ಕಳಿಸಿದರು. ಕಮಲಾವತಿ ಒಂದು ವಾರ ಅದನ್ನು ಮುಟ್ಟಲಿಲ್ಲ. ಆಮೇಲೆ ಸಾಧನಾಳ ಹತ್ತಿರ ಕನ್ನಡ ಟೈಪಿಂಗ್ ಹೇಳಿಸಿಕೊಂಡಳು. ಒಂದೊಂದೇ ಅಕ್ಷರ ಹುಡುಕಿ ಒತ್ತುವಾಗ ತನ್ನ ಸಾಲುಗಳು ಅವಳಿಗೇ ಉದ್ದವೆನಿಸಿದವು. ನಾಯಕಿ ಅಳುವ ಜಾಗಗಳನ್ನು ಟೈಪು ಮಾಡಲು ಬೇಸರ ಬಂದು ಎಷ್ಟೋ ಕಡೆ ಬಿಟ್ಟೇಬಿಟ್ಟಳು. ಇನ್ನೂರ ಎಂಬತ್ತು ಪುಟದ್ದು ನೂರ ತೊಂಬತ್ತಕ್ಕೆ ಇಳಿಯಿತು. ಸಾಧನಾ ಅದನ್ನು ಪೂರ್ತಿ ಓದಿದಳು. ಹಿಂದಿನವಕ್ಕಿಂತ ಒಳ್ಳೆಯದುಂಟು ಎಂದಳು. ಹಿಂದಿನವನ್ನು ನೀನು ಓದಿಲ್ಲವಲ್ಲ ಎಂದು ಕಮಲಾವತಿ ನೆನಪಿಸಿದಳು. ಅದೂ ಜಾಲತಾಣಕ್ಕೆ ಹೋಯಿತು. ಮೊದಲ ತಿಂಗಳಲ್ಲಿ ೨೧೪ ಜನ ಇಳಿಸಿಕೊಂಡರು. ಮಸ್ಕತ್ತಿನ ಒಬ್ಬ ನರ್ಸು ಮೇಲ್ ಬರೆದಳು. ನಾಲ್ಕು ವರ್ಷಗಳ ನಂತರ ಬಂದ ಮೊದಲ ಓದುಗರ ಕಾಗದ ಅದು. ಕಮಲಾವತಿ ಅದನ್ನು ಪ್ರಿಂಟ್ ತೆಗೆಸಿ ಇಟ್ಟುಕೊಂಡಳು.

ಆದರೂ ಕಂಪ್ಯೂಟರ್ ಹಚ್ಚಿದ ಕೂಡಲೇ ಅವಳು ನೋಡುತ್ತಿದ್ದುದು ಮೊದಲು ಜುವೈರಿಯಾಳ ಸಂಖ್ಯೆ, ಆಮೇಲೆ ತನ್ನದು. ಇದೇನು ತನ್ನ ಬುದ್ಧಿ ಎಂದು ತನಗೇ ನಾಚಿಕೆಯಾಗುತ್ತಿತ್ತು. ಮರುದಿನ ಮತ್ತೆ ನೋಡುತ್ತಿದ್ದಳು.

ಆ ವರ್ಷದ ಕೊನೆಯಲ್ಲಿ ಒಂದು ಬೆಳಿಗ್ಗೆ ಜುವೈರಿಯಾಳ ಫೋನು ಬಂತು. ಹೇಗಿದ್ದೀರಿ ಎಂದು ಕೇಳಲಿಲ್ಲ.

"ನಾನು, ಇಹ್ಸಾನ್ ಸೇರಿ ಈಗ ಎಲ್ಲಿಯೂ ಸಿಗದ ಕಾದಂಬರಿಗಳನ್ನು ಇ-ಪುಸ್ತಕ ಮಾಡುವ ಅಂತ ಇದ್ದೇವೆ. ಲೈಬ್ರರಿಯ ಪುಸ್ತಕ ಹುಳ ತಿಂದು ಹಾಳಾಗ್ತಾ ಉಂಟು. ನಿಮ್ಮ ಹದಿನೆಂಟನ್ನೂ ಹಾಕುವುದಾದ್ರೆ ನಿಮ್ಮ ಒಪ್ಪಿಗೆ ಬೇಕು. ಹೌದು, ಇಲ್ಲ, ಎಂತಾದರೂ ಒಂದು ಹೇಳಿ."

"ಹೌದು," ಎಂದಳು ಕಮಲಾವತಿ. ಮತ್ತೆ ತಡವರಿಸಿ, "ಆದ್ರೆ ನಾಲ್ಕನೆಯದರ ಪ್ರತಿ ನನ್ನ ಹತ್ತಿರವೇ ಇಲ್ಲ. ಯಾರೋ ಒಯ್ದವರು ತಂದು ಕೊಡಲಿಲ್ಲ," ಎಂದಳು.

"ನನ್ನ ಹತ್ತಿರ ಉಂಟು," ಎಂದಳು ಜುವೈರಿಯಾ. "ಕಳೆದುಹೋದೀತು ಅಂತ ಅದನ್ನು ನಾನು ಬಾಡಿಗೆಗೆ ಕೊಡುವುದು ನಿಲ್ಲಿಸಿ ತುಂಬ ವರ್ಷ ಆಯ್ತು."

ಅಷ್ಟು ಹೇಳಿ ಅವಳು ಫೋನ್ ಇಟ್ಟಳು. ಕಮಲಾವತಿ ಅಟ್ಟದಿಂದ ಉಳಿದ ಹದಿನೇಳು ಪುಸ್ತಕಗಳನ್ನು ಇಳಿಸಿ, ಧೂಳು ಒರೆಸಿ, ಅಜಿತಕುಮಾರನ ಹತ್ತಿರ ಎರಡು ಕಟ್ಟು ಕಟ್ಟಿಸಿ, ಮರುದಿನದ ಬಂಟ್ವಾಳದ ಬಸ್ಸಿನಲ್ಲಿ ತಾನೇ ಒಯ್ದಳು.